ದೀಪು ಆಯಿಯನ್ನು ಕೇಳಿದ್ದು

ಸಲಾಲಾದಿಂದ ರಜೆಗೆ ಬಂದ ಸುಶ್ಮಿತಾ ಇನ್ನೂ ಪೆಟ್ಟಿಗೆ ಖಾಲಿ ಮಾಡಿರಲಿಲ್ಲ. ಆಗಲೇ ಮಗಳ ಶಾಲೆಯಲ್ಲಿ, ಮಕ್ಕಳ ಅಳತೆಯ ಒಂದು ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಜೋಡಿಸಿಕೊಂಡು ಕೂತಿದ್ದಳು. ಒಮಾನಿನ ಆ ಊರಿನ ಆಸ್ಪತ್ರೆಯಲ್ಲಿ ಅವಳು ಡಯಾಲಿಸಿಸ್ ವಾರ್ಡಿನ ನರ್ಸು. ಉಳಿದವರೆಲ್ಲ ಹಬ್ಬಕ್ಕೋ ಮದುವೆಗೋ ರಜೆ ಕೇಳಿದರೆ ಇವಳು ಫೆಬ್ರವರಿಯ ಈ ಒಂದು ಬೆಳಗಿಗಾಗಿ ಮೇಲ್ವಿಚಾರಕಿಯ ಕಾಲು ಹಿಡಿದಿದ್ದಳು.

ಹೊನ್ನಾವರದ ಹತ್ತಿರ, ಕರ್ಕಿಯ ಗುಡ್ಡದ ಮೇಲಿನ ಈ ಇಂಟರ್‌ನ್ಯಾಶನಲ್ ಶಾಲೆಯಲ್ಲಿ ಟೀಚರು ಪಾಲಕರನ್ನು ಕರೆದು ಮಗುವಿನ ಮೇಲೆ ದೂರು ಹೇಳುವ ಪದ್ಧತಿ ಇಲ್ಲ. ಮಗುವೇ ಅಪ್ಪ ಅಮ್ಮನನ್ನು ಎದುರು ಕೂರಿಸಿಕೊಂಡು ಹೇಳಬೇಕು: ತಾನು ಯಾವ ಪ್ರಶ್ನೆಯ ಬೆನ್ನು ಹತ್ತಿದೆ, ಯಾರನ್ನು ಕೇಳಿದೆ, ಏನು ಗೊತ್ತಾಯಿತು, ಎಲ್ಲಿ ಸೋತೆ. ಮನೆಮಾತಿನಲ್ಲಿ ಹೇಳಿದರೂ ಆಯಿತು. ಹೋದ ಎರಡು ವರ್ಷವೂ ಈ ದಿನ ದೀಪಿಕಾಳ ಎದುರು ಕೂತವಳು ಅವಳ ಸೋದರತ್ತೆ ನಾಗಿ.

"ನಮಸ್ಕಾರ. ನೀವು ಬಂದಿದ್ದಕ್ಕೆ ಖುಷಿಯಾಯಿತು" ಎಂದಳು ದೀಪಿಕಾ. "ನಾನು ದೀಪಿಕಾ, ಐದನೇ ತರಗತಿ. ಮೊದಲು ನೀರು ಬೇಕಾ?"

ಸುಶ್ಮಿತಾಳಿಗೆ ನಗು ಬಂತು. ಮಗಳ ಮುಖ ನೋಡಿ ಅದನ್ನು ತಡೆದು, ಬೇಡ ಎಂದು ತಲೆ ಆಡಿಸಿದಳು. ಹುಡುಗಿ ಆಟ ಆಡುತ್ತಿರಲಿಲ್ಲ. ಮನೆಗೆ ಬಂದ ದೂರದ ನೆಂಟರಿಗೆ ಹೇಗೆ ಮರ್ಯಾದೆ ಕೊಡಬೇಕೋ ಹಾಗೆ ಕೊಡುತ್ತಿದ್ದಳು. ಮಾತಾಡುವಾಗ ಎಡಗೈಯನ್ನು ಸೊಂಟಕ್ಕೆ ಕೊಟ್ಟು ನಿಲ್ಲುವುದು ನಾಗಿಯ ರೀತಿ. ಮಾತಿನ ನಡುವೆ "ಕಂಡ್ಯಾ" ಎನ್ನುವುದೂ ನಾಗಿಯದೇ.

ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ದೀಪಿಕಾಳ ಪ್ರಶ್ನೆ ಇತ್ತು: ನಮ್ಮ ಹೊಳೆಯ ಬಳಚು ಎಲ್ಲಿಗೆ ಹೋಯಿತು? ಅವರ ಮನೆ ಕುಮಟಾದಿಂದ ಆಚೆ, ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಜಾಗದಲ್ಲಿ. ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗೆ ಇಳಿದು ಬಳಚು ಎನ್ನುವ ಚಿಪ್ಪುಮೀನು ಹೆಕ್ಕುತ್ತಾರೆ. ಈಚೆಗೆ ಬುಟ್ಟಿ ತುಂಬುವುದಿಲ್ಲ ಎಂದು ನಾಗಿ ಗೊಣಗಿದ್ದನ್ನು ಕೇಳಿ ಹುಡುಗಿ ಅದನ್ನೇ ಹಿಡಿದಿದ್ದಳು. ಬೇರೆ ಬೇರೆ ಕಡೆಯ ಹೊಳೆನೀರನ್ನು ಬಾಟಲಿಯಲ್ಲಿ ತುಂಬಿ ಉಪ್ಪು ಅಳೆದಿದ್ದಳು. ಮಳೆಗಾಲದ ಸಿಹಿನೀರು ಹೆಚ್ಚಾದರೆ ಬಳಚು ಸಾಯುತ್ತದೆ ಎಂದು ಮೊದಲು ಅಂದುಕೊಂಡಿದ್ದಳಂತೆ. ಈಗ ಅದೊಂದೇ ಕಾರಣ ಇರಲಿಕ್ಕಿಲ್ಲ ಎನ್ನಿಸುತ್ತದಂತೆ. "ಪೂರ್ತಿ ಉತ್ತರ ಸಿಗಲಿಲ್ಲ. ಸಿಗದೆ ಇದ್ದದ್ದನ್ನೂ ಹೇಳಬೇಕು" ಎಂದಳು. "ನನಗೆ ತುಂಬ ಕಷ್ಟ ಆದದ್ದು ಎಂತ ಅಂದ್ರೆ, ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಇರುದು. ನಾನೇ ನಡುವೆ ಬಾಯಿ ಹಾಕ್ತಿದ್ದೆ."

ಪ್ರಶ್ನೆಯ ಕೆಳಗೆ ಅವಳು ಕೇಳಿದವರ ಫೋಟೋಗಳು. ನಾಗಿ ಅತ್ತೆ, ಮೀನುಬೋಟಿನಲ್ಲಿ ವಾರಗಟ್ಟಲೆ ಕಡಲಿನಲ್ಲಿರುವ ಅಪ್ಪ ಭಾಸ್ಕರ, ಹೊಳೆಯಲ್ಲಿ ಮುಳುಗಿ ಬಳಚು ತೆಗೆಯುವ ಮುದುಕ ಮಾಬ್ಲ, ಕುಮಟಾ ಮೀನುಪೇಟೆಯ ಇಬ್ಬರು ಹೆಂಗಸರು, ಕಾಲೇಜಿನ ಒಬ್ಬ ಮೇಷ್ಟ್ರು, ಕೊನೆಗೆ ಶಾಲೆಯ ಬಸ್ಸಿನ ಡ್ರೈವರ್ ಕೂಡ. ಸುಶ್ಮಿತಾ ಒಂದೊಂದೇ ಮುಖ ನೋಡುತ್ತ ಹೋದಳು. ತಾನು ಯಾರನ್ನು ಹುಡುಕುತ್ತಿದ್ದೇನೆ ಎನ್ನುವುದು ಅವಳಿಗೆ ಕೊನೆಯ ಫೋಟೋ ಮುಗಿದ ಮೇಲೆ ತಿಳಿಯಿತು.

"ಇಷ್ಟು ಜನರನ್ನ ಕೇಳಿದ್ಯಲೆ ದೀಪು. ನನ್ನ ಯಾಕೆ ಕೇಳ್ಲಿಲ್ಲ?"

ಈ ಪ್ರಶ್ನೆಗೆ ಹುಡುಗಿ ತಯಾರಾಗಿರಲಿಲ್ಲ. ಸೊಂಟದ ಮೇಲಿನ ಕೈ ಇಳಿಯಿತು. ಸುಳ್ಳು ಹೇಳುವುದು ಅವಳಿಗೆ ಗೊತ್ತಿಲ್ಲ. ಯೋಚಿಸಿ ಹೇಳುವುದನ್ನೇ ಈ ಶಾಲೆ ಅಭ್ಯಾಸ ಮಾಡಿಸಿತ್ತು.

"ಫೋನಲ್ಲಿ ಯಾವಾಗ್ಲೂ ನೀನೇ ಕೇಳ್ತೆ ಅಲ್ದಾ ಆಯಿ? ಊಟ ಆತಾ, ಹೋಂವರ್ಕ್ ಆತಾ, ಅತ್ತೆಗೆ ತ್ರಾಸ ಕೊಟ್ಯಾ. ನಾ ಹೇಳ್ತೆ. ಅಷ್ಟೊತ್ತಿಗೆ ನಿಂಗೆ ಡ್ಯೂಟಿ." ಸ್ವಲ್ಪ ತಡೆದು ಹೇಳಿದಳು: "ನಿನ್ನ ಹತ್ರ ಎಂತ ಕೇಳ್ಬೇಕು ಅಂತಲೇ ನಂಗೆ ಗೊತ್ತಾಗುದಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಹೊಳೆಯ ನೀರಿನಲ್ಲಿ ಉಪ್ಪು ಎಷ್ಟಿತ್ತು ಎಂದು ಹೇಳಿದ ಅದೇ ದನಿಯಲ್ಲಿ ಇದನ್ನೂ ಹೇಳಿದ್ದಳು. ಸುಶ್ಮಿತಾಳಿಗೆ ಅದೇ ಹೆಚ್ಚು ತಾಗಿತು.

ಹೊರಗೆ ಜಗಲಿಯಲ್ಲಿ ಕ್ಲಾಸಿನ ಟೀಚರು ವನಮಾಲಾ ಸಿಕ್ಕರು. ಸುಶ್ಮಿತಾ ಬೇರೇನೂ ಹೇಳದೆ, "ಮಕ್ಕಳಿಗೆ ಪ್ರಶ್ನೆ ಕೇಳೋಕೆ ಹೇಗೆ ಕಲಿಸ್ತೀರಿ ಟೀಚರ್?" ಎಂದಳು.

"ಕಲಿಸುದು ಎಂತ ಉಂಟು? ಅವು ಹುಟ್ಟಿದಾಗಿಂದ ಕೇಳ್ತವೆ. ನಾವು ಸ್ವಲ್ಪ ಕಮ್ಮಿ ಕೇಳಿದ್ರೆ ಸಾಕು. ನಾವು ಮಾತಾಡಿ ಮಾತಾಡಿ ಅವುಗಳ ಜಾಗ ತುಂಬಿಸಿಬಿಡ್ತೇವೆ." ವನಮಾಲಾ ನಕ್ಕರು. "ಇಲ್ಲಿ ಇಷ್ಟು ಹೇಳ್ತೇನೆ, ಮನೆಗೆ ಹೋದ್ರೆ ನನ್ನ ಮಗ ಚಪ್ಪಲಿ ಬಿಡುವ ಮೊದಲೇ ಶುರು ಮಾಡ್ತೇನೆ, ಟಿಫಿನ್ ಪೂರ್ತಿ ತಿಂದ್ಯಾ ಅಂತ."

ಆ ದಿನದಿಂದ ಸುಶ್ಮಿತಾ ಪ್ರಶ್ನೆ ಕೇಳದೆ ಬಾಯಿ ಬಿಗಿಹಿಡಿದಳು. ಅದು ಸುಲಭವಾಗಿರಲಿಲ್ಲ. ಮಗಳು ಬಸ್ಸಿಳಿದು ಬಂದರೆ ನಾಲಿಗೆಯ ತುದಿಗೆ ಹತ್ತು ಪ್ರಶ್ನೆ ಬಂದು ನಿಲ್ಲುತ್ತಿದ್ದವು. ಅವನ್ನೆಲ್ಲ ನುಂಗಿಕೊಂಡು ತಿಂಡಿ ಇಡುತ್ತಿದ್ದಳು. ದೀಪು ತಿಂಡಿ ತಿಂದು, ಕೈ ತೊಳೆದು, ಅತ್ತೆಯನ್ನು ಹುಡುಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿಂದ ಅವಳ ದನಿ ಕೇಳುತ್ತಿತ್ತು. ಅತ್ತೆ, ಇದು ಎಂತಕ್ಕೆ ಹೀಗೆ? ಅತ್ತೆ, ಅದು ಯಾರು ಹೇಳಿದ್ದು? ಅಡುಗೆಮನೆಯಲ್ಲಿ ನಿಂತು ಸುಶ್ಮಿತಾ ಆ ಪ್ರಶ್ನೆಗಳನ್ನು, ಪಕ್ಕದ ಮನೆಯಲ್ಲಿ ಹಚ್ಚಿದ ರೇಡಿಯೋದ ಹಾಡಿನಂತೆ, ಕೇಳಿಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಮಾವಳ್ಳಿಯ ತವರಿಗೆ ಹೋದಳು. ಅಲ್ಲಿಂದ ಭಟ್ಕಳದ ಪೇಟೆಗೆ, ಹುಡುಗಿಗೆ ಬೂಟು ಕೊಡಿಸಲು. ಅಂಗಡಿಯ ಯಜಮಾನ ಮಸ್ಕತ್ತಿನಲ್ಲಿ ಬಹಳ ವರ್ಷ ಇದ್ದು ಬಂದವನು. ಸುಶ್ಮಿತಾ ಸಲಾಲಾದಲ್ಲಿದ್ದಾಳೆ ಎಂದು ತಿಳಿದದ್ದೇ ಬೂಟಿನ ಪೆಟ್ಟಿಗೆ ಬದಿಗಿಟ್ಟು ಮಾತಿಗೆ ಕೂತ. ದೀಪು ಅವನನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು:

"ಅಲ್ಲಿಯ ಸಮುದ್ರ ನಮ್ಮ ಸಮುದ್ರದ ಹಾಗೇ ಇದ್ಯಾ?"

"ಅದೇ ಸಮುದ್ರ ಬೇಟಾ. ಆ ಕಡೆಯಿಂದ ನೋಡ್ಬೇಕು, ಅಷ್ಟೇ" ಎಂದ ಅವನು. "ಸಲಾಲಾದಲ್ಲಿ ಮಳೆಗಾಲಕ್ಕೆ ಮಂಜು ಬೀಳ್ತದೆ. ನಿನ್ನ ಅಮ್ಮ ಹೇಳ್ಲಿಲ್ವಾ?"

ದೀಪು ಆಯಿಯ ಕಡೆ ಒಮ್ಮೆ ನೋಡಿ ಇಲ್ಲ ಎಂದು ತಲೆ ಆಡಿಸಿದಳು. ಸುಶ್ಮಿತಾ ಬೂಟಿನ ದಾರ ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿ ಕೂತಳು. ವಾರ್ಡಿನ ಕಿಟಕಿಯಿಂದ ಆ ಮಂಜನ್ನು ಅವಳು ಎಷ್ಟು ಸಲ ನೋಡಿರಲಿಲ್ಲ! ಆಚೆಯ ಗುಡ್ಡ ರಾತ್ರೋರಾತ್ರಿ ಹಸಿರಾಗುವುದನ್ನು ಯಾರಿಗಾದರೂ ಹೇಳಬೇಕು ಎಂದು ಎಷ್ಟು ಸಲ ಫೋನ್ ಎತ್ತಿಕೊಂಡಿರಲಿಲ್ಲ! ಎತ್ತಿಕೊಂಡು ಕೊನೆಗೆ, ಊಟ ಆತಾ ಎಂದಷ್ಟೇ ಕೇಳಿದ್ದಳು.

ರಜೆ ಕರಗುತ್ತ ಬಂತು. ಒಂದು ದಿನ ಬೆಳಿಗ್ಗೆ ಹೊಳೆ ಇಳಿದಿತ್ತು. ನಾಗಿ ಬುಟ್ಟಿ ಎತ್ತಿಕೊಂಡಳು, ದೀಪು ಹಿಂದೆ ಹೊರಟಳು. "ನಾನೂ ಬರ್ತೆ" ಎಂದಳು ಸುಶ್ಮಿತಾ.

"ನೀ ಎಂತಕ್ಕೆ ಮಾರಾಯ್ತಿ? ಕಾಲು ಜಾರ್ತದೆ" ಎಂದಳು ನಾಗಿ. ನಾಗಿಯ ಮಾತು ನಿಜವಾಯಿತು. ಮೊಣಕಾಲುದ್ದದ ಕೆಸರಿನಲ್ಲಿ ಸುಶ್ಮಿತಾ ನಾಲ್ಕು ಹೆಜ್ಜೆ ಇಟ್ಟಿರಬೇಕು, ಒಡೆದ ಚಿಪ್ಪೊಂದು ಪಾದದ ಅಡಿಯನ್ನು ಸೀಳಿಕೊಂಡು ಹೋಯಿತು. ನಾಗಿ ಬುಟ್ಟಿ ಬಿಟ್ಟು ಓಡಿ ಬರುವಷ್ಟರಲ್ಲಿ ಅವಳು ಒಂಟಿಕಾಲಿನಲ್ಲಿ ದಂಡೆ ಹತ್ತಿ, ಬಂಡೆಯ ಮೇಲೆ ಕೂತಾಗಿತ್ತು. "ಎಂತ ಇಲ್ಲ ಅಕ್ಕ, ನೀವು ಕೆಲಸ ಮಾಡಿ. ನೀರು ಏರುದ್ರೊಳಗೆ ಹೆಕ್ಕಿ" ಎಂದು ನಾಗಿಯನ್ನು ಕಳಿಸಿದಳು. ಬಾಟಲಿಯ ನೀರಿನಿಂದ ಗಾಯ ತೊಳೆದಳು. ಒಂದು ಕೈಯಲ್ಲಿ ಒತ್ತಿ ಹಿಡಿದು, ಕುತ್ತಿಗೆಯ ವೇಲನ್ನು ಹಲ್ಲಿನಿಂದ ಹರಿದು, ಇನ್ನೊಂದು ಕೈಯಿಂದ ಸುತ್ತಿ ಗಂಟು ಹಾಕಿದಳು. ಒಂದು ಸಲವೂ ಹಾ ಎನ್ನಲಿಲ್ಲ.

ದೀಪು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಸಹಾಯಕ್ಕೆಂದು ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು.

"ಆಯಿ."

"ಹೂಂ?"

"ಅಲ್ಲಿ ನಿಂಗೆ ಆರಾಮ ಇಲ್ದೆ ಇದ್ರೆ ಯಾರು ನೋಡ್ಕಳ್ತಾರೆ?"

ಸುಶ್ಮಿತಾಳ ಕೈ ಗಂಟಿನ ಮೇಲೆ ನಿಂತಿತು. ಇಷ್ಟು ದಿನ ಕಾದದ್ದು ಬಂದಾಗ ಹೀಗೆ ಬರುತ್ತದೆ ಎಂದು ಅವಳಿಗೆ ಅಂದಾಜಿರಲಿಲ್ಲ. "ಆಸ್ಪತ್ರೆಯಲ್ಲೇ ಇರ್ತೆ ಅಲ್ದನೇ. ಡಾಕ್ಟರು ಇರ್ತಾರೆ, ಎಲ್ಲ ಇರ್ತಾರೆ" ಎಂದಳು. ಅದು ಫೋನಿನ ಉತ್ತರ.

ದೀಪು ಈ ಸಲ ನಡುವೆ ಬಾಯಿ ಹಾಕಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ತುಟಿ ಬಿಗಿ ಹಿಡಿದು, ಆಯಿಯ ಕಣ್ಣನ್ನೇ ನೋಡುತ್ತ ಕೂತಳು. ದೂರದಲ್ಲಿ ಹೆಂಗಸರು ಕೆಸರು ಕೆದಕುತ್ತಿದ್ದರು. ಆ ಮೌನದ ಎದುರು ಸುಶ್ಮಿತಾಳಿಗೆ ಬಹಳ ಹೊತ್ತು ಕೂರಲಾಗಲಿಲ್ಲ.

"ಯಾರೂ ಇಲ್ಲ ಮಗಾ" ಎಂದಳು. "ಹೋದ ವರ್ಷ ನಂಗೆ ಜೋರು ಜ್ವರ ಬಂದಿತ್ತು. ರೂಮಿನಲ್ಲಿ ಜೊತೆಗಿದ್ದವಳಿಗೆ ಡ್ಯೂಟಿ. ಎದ್ದು ನೀರು ಕುಡಿಯೋಕೂ ಆಗ್ತಿರ್ಲಿಲ್ಲ. ಬಾಗಿಲಿನ ತನಕ ಹೋಗಿ, ಅಲ್ಲೇ ನೆಲದ ಮೇಲೆ ಮಲಗಿದ್ದೆ. ನೆಲ ತಂಪಿತ್ತು. ಅಲ್ಲಿಂದಲೇ ನಿಂಗೆ ಫೋನ್ ಮಾಡಿದ್ದೆ."

"ಮುಖ ತೋರಿಸ್ಲಿಲ್ಲ ನೀನು. ನೆಟ್ ಸರಿ ಇಲ್ಲ ಅಂದಿದ್ದೆ."

"ನಿಂಗೆ ನೆನಪಿದ್ಯಾ?"

"ಅವತ್ತು ನಂಗೆ ಹಲ್ಲು ಬಿದ್ದಿತ್ತು. ತೋರಿಸುವಾ ಅಂತ ಕಾದಿದ್ದೆ. ನಿಂಗೆ ಸಿಟ್ಟು ಬಂದಿದೆ ಅಂತ ಅಂದ್ಕೊಂಡೆ. ನಂಗೂ ಬಂತು." ದೀಪುವಿನ ದನಿ ಸಣ್ಣದಾಯಿತು. "ನಾ ಬೇಗ ಫೋನ್ ಇಟ್ಬಿಟ್ಟೆ."

ಸುಶ್ಮಿತಾ ಕೆಸರುಗೈಯಲ್ಲೇ ಮಗಳನ್ನು ಎಳೆದುಕೊಂಡಳು. ದೀಪು ಗಾಯದ ಕಾಲಿಗೆ ತಾಗದ ಹಾಗೆ ಎಚ್ಚರದಿಂದ ಒರಗಿದಳು. ಆಯಿ ಬಂದು ಇಷ್ಟು ದಿನದ ಮೇಲೆ ಅವಳು ಹೀಗೆ ಒರಗಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಪ್ರಶ್ನೆಗಳಿಗೆ ತಡೆ ಇರಲಿಲ್ಲ. ಜೊತೆಗಿದ್ದವಳ ಹೆಸರೇನು? ರಕ್ತ ಯಂತ್ರದೊಳಗೆ ಹೋಗುವಾಗ ರೋಗಿಗೆ ಹೆದರಿಕೆ ಆಗುವುದಿಲ್ಲವಾ? ಅಲ್ಲಿಯ ಮೀನಿಗೆ ನಮ್ಮ ಮೀನಿನ ರುಚಿ ಇದೆಯಾ? ಸುಶ್ಮಿತಾ ತುಂಬಿದ ಕೊಡದಂತೆ ಓಡಾಡಿದಳು. ಆದರೆ ಹೊರಡುವ ದಿನ ಹತ್ತಿರವಾದಷ್ಟೂ ಒಂದು ವಿಷಯ ಅವಳಿಗೆ ಅರ್ಥವಾಗತೊಡಗಿತು. ಹಿಂದಿನ ಸಲ ಮಗಳು ಕೈ ಬೀಸಿ, ಅತ್ತೆಯ ಸೆರಗು ಹಿಡಿದು ತಿರುಗಿ ಹೋಗಿದ್ದಳು, ಹೊರಡುವುದು ಸುಲಭವಾಗಿತ್ತು. ಈಗ ಹಾಗಲ್ಲ. ಹುಡುಗಿಯೂ ಒಂದೊಂದು ಸಲ ಅನ್ನ ಕಲಸುತ್ತ ಕಲಸುತ್ತ ಕೈ ನಿಲ್ಲಿಸಿ ಕೂರುತ್ತಿದ್ದಳು.

"ಆಯಿ, ನಾ ಈ ಶಾಲೆ ಬಿಟ್ಟು ಊರಿನ ಶಾಲೆಗೆ ಹೋದ್ರೆ ನೀ ಇಲ್ಲೇ ಇರ್ತ್ಯಾ?" ಎಂದು ಒಂದು ಸಂಜೆ ಕೇಳಿದಳು.

ನಿನ್ನ ಸಲುವಾಗಿಯೇ ನಾನು ಅಲ್ಲಿರುವುದು ಎಂದು ಹೇಳಬಹುದಿತ್ತು. ಊರೆಲ್ಲ ಹಾಗೇ ತಿಳಿದಿತ್ತು. ಆದರೆ ಮಗಳು ಮತ್ತೆ ಆ ತುಟಿ ಬಿಗಿದ ಮೌನದಲ್ಲಿ ಕೂತಿದ್ದಳು.

"ಗೊತ್ತಿಲ್ಲ ದೀಪು" ಎಂದಳು ಸುಶ್ಮಿತಾ. "ನಿನ್ನ ಶಾಲೆಯ ಫೀಸಿಗೆ ಅಲ್ಲಿಯ ದುಡ್ಡು ಬೇಕು, ಹೌದು. ಆದ್ರೆ ನಂಗೆ ಆ ಕೆಲಸ ಇಷ್ಟವೂ ಹೌದು. ಅಲ್ಲಿ ಇದ್ರೆ ನೀ ಬೇಕು ಅನ್ನಿಸ್ತದೆ. ಇಲ್ಲಿ ಇದ್ರೆ ವಾರ್ಡಿನ ನೆನಪಾಗ್ತದೆ. ಎರಡೂ ಒಟ್ಟಿಗೆ ಹೇಗೆ ಅಂತ ನಂಗೂ ಇನ್ನೂ ಗೊತ್ತಾಗ್ಲಿಲ್ಲ."

"ಆತು" ಎಂದಳು ದೀಪು. ಎದ್ದು ಹೊಳೆದಂಡೆಗೆ ಹೋದಳು. ಕತ್ತಲಾಗುವ ಮೊದಲು ತಾನಾಗಿ ಬಂದು, ಆಯಿ ಹೆಚ್ಚುತ್ತಿದ್ದ ತರಕಾರಿಯ ಮುಂದೆ ಕೂತು ಬೀನ್ಸಿನ ನಾರು ತೆಗೆಯತೊಡಗಿದಳು. ಸುಶ್ಮಿತಾ ಬೀನ್ಸಿನ ಬುಟ್ಟಿಯನ್ನು ಅವಳ ಕಡೆ ಸರಿಸಿದಳು.

ಹೊರಡುವ ದಿನ ಭಾಸ್ಕರ ಕಡಲಿನಿಂದ ಬಂದಿದ್ದ. ಕುಮಟಾ ಸ್ಟೇಷನ್ನಿನಲ್ಲಿ ಅವನು ಪೆಟ್ಟಿಗೆ ಹೊತ್ತು ಮುಂದೆ ನಡೆದ. ಮಂಗಳೂರಿಗೆ ರೈಲು, ಅಲ್ಲಿಂದ ವಿಮಾನ. ರೈಲು ಬಂದು ನಿಂತ ಮೇಲೆ ದೀಪು ಕೇಳಿದಳು: "ಅಲ್ಲಿ ನಂದು ನೆನಪು ಯಾವಾಗ ಆಗ್ತದೆ ಆಯಿ?"

"ಶುಕ್ರವಾರ" ಎಂದು ಸುಶ್ಮಿತಾ ಹೇಳತೊಡಗಿದಳು. "ಶುಕ್ರವಾರ ಅಲ್ಲಿ ರಜೆ, ಮಕ್ಕಳೆಲ್ಲ ಅಜ್ಜಂದಿರನ್ನ ನೋಡೋಕೆ ವಾರ್ಡಿಗೆ ಬರ್ತವೆ..." ಭಾಸ್ಕರ ಅವಳನ್ನು ಮೇಲೆ ಹತ್ತಿಸಿದ. ರೈಲು ಹೊರಟಿತು. ಬಾಗಿಲಿನಿಂದ ಅವಳು ಇನ್ನೂ ಏನೋ ಕೂಗಿ ಹೇಳಿದಳು. ಅದು ದೀಪುವಿಗೆ ಕೇಳಿತೋ ಇಲ್ಲವೋ. ಹುಡುಗಿ ಪ್ಲಾಟ್‌ಫಾರ್ಮಿನ ಕೊನೆಯ ತನಕ ಓಡಿಬಂದು ನಿಂತದ್ದು ಕಂಡಿತು.

ಸೀಟಿಗೆ ಬಂದು ಕೂತರೂ ಉತ್ತರ ನಿಲ್ಲಲಿಲ್ಲ. ಯಾರಾದರೂ ಎರಡು ಜಡೆ ಹಾಕಿಕೊಂಡಿದ್ದರೆ ನೆನಪು ಆಗುತ್ತದೆ. ಕ್ಯಾಂಟೀನಿನಲ್ಲಿ ಬಂಗಡೆ ಹುರಿದರೆ ಆಗುತ್ತದೆ. ಹೊಸ ಸೋಪಿನ ಕಾಗದ ಬಿಚ್ಚಿದರೆ, ಯಾಕೋ ಗೊತ್ತಿಲ್ಲ, ಆಗುತ್ತದೆ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ಗುಡುಗುಡು ಸದ್ದು ಮಾಡುತ್ತ ಹಿಂದೆ ಹೋಯಿತು. ಮಾವಳ್ಳಿಯ ಗದ್ದೆಗಳು ಹೋದವು. ಭಟ್ಕಳದಲ್ಲಿ ಹತ್ತಿದ ಹೆಂಗಸೊಬ್ಬಳು ಎದುರು ಕೂತು ಅವಳನ್ನೇ ನೋಡಿದಳು.

"ನನ್ನ ಹತ್ರ ಎಂತ ಹೇಳಿದ್ರಿ?"

ತನ್ನ ತುಟಿ ಅಲ್ಲಾಡುತ್ತಿತ್ತು ಎಂದು ಸುಶ್ಮಿತಾಳಿಗೆ ಆಗ ತಿಳಿಯಿತು. "ಇಲ್ಲ. ಮಗಳು ಒಂದು ಕೇಳಿದ್ಲು" ಎಂದಳು. "ಹೇಳಿ ಮುಗೀಲಿಲ್ಲ."

ಹೆಂಗಸು ತನ್ನ ಚೀಲವನ್ನು ಕಾಲ ಬುಡಕ್ಕೆ ಸರಿಸಿಕೊಂಡು, "ಎಷ್ಟು ದೊಡ್ಡವಳು?" ಎಂದು ಕೇಳಿದಳು.