ನಾಲಿಗೆಯ ಎರಡನೇ ಪೆಟ್ಟು

ಮುನವಳ್ಳಿಯ ಬ್ಯಾಂಡಿನಲ್ಲಿ ಪರಶು ಒಂಬತ್ತು ವರ್ಷದಿಂದ ಎರಡನೇ ಟ್ರಂಪೆಟ್ ಊದುತ್ತಿದ್ದ. ಮೊದಲನೆಯದು ಮಾಸ್ತರ ಭರಮಪ್ಪನದು. ವೇಗವಾಗಿ ಊದಬೇಕಾದ ಓಟದ ಹಾಡು ಬಂದರೆ ಭರಮಪ್ಪನ ಟ್ರಂಪೆಟ್ಟಿನಿಂದ ಸ್ವರಗಳು ಹಂಚಿನ ಮೇಲಿನ ಅರಳಿನಂತೆ ಸಿಡಿಯುತ್ತಿದ್ದವು. ಒಂದೊಂದು ಸ್ವರಕ್ಕೂ ನಾಲಿಗೆ ಒಂದೊಂದು ಪೆಟ್ಟು ಕೊಡಬೇಕು; ಪರಶುವಿನ ನಾಲಿಗೆ ನಾಲ್ಕನೆಯ ಸ್ವರಕ್ಕೇ ತೊಡರುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದಾಗಲೆಲ್ಲ ಮಾಸ್ತರನದು ಒಂದೇ ಉತ್ತರ.

"ನಿನ್ನ ನಾಲಿಗಿ ದಪ್ಪ ಐತಿ. ತು-ತು-ತು ಅಂತ ತಿಕ್ಕು, ಸವೀತೈತಿ."

ಪರಶು ತಿಕ್ಕಿದ. ಹೆಂಡತಿ ರೇಣು ರೊಟ್ಟಿ ಬಡಿಯುವ ಹೊತ್ತಿಗೆ ಹಿತ್ತಿಲಲ್ಲಿ ಕೂತು, ತುಟಿ ಒಡೆದು ರಕ್ತ ಬರುವವರೆಗೂ ಊದುತ್ತಿದ್ದ. ಬರಬರುತ್ತ ನಾಲ್ಕು ಮಂದಿಯ ಎದುರು ಬಾಯಿ ತೆರೆಯಲೂ ಅವನಿಗೆ ನಾಚಿಕೆಯಾಗತೊಡಗಿತು.

೧೯೯೭ರ ಬೇಸಿಗೆಯಲ್ಲಿ ಸುರೇಬಾನದ ಒಂದು ಮದುವೆಯಲ್ಲಿ ಅವನು ಮತ್ತೆ ತೊಡರಿದ. "ಎಮ್ಮಿ ನಾಲಿಗಿ," ಎಂದ ಭರಮಪ್ಪ, ಬೀಗರಿಗೆಲ್ಲ ಕೇಳುವಂತೆ. ಬೀಗರು ನಕ್ಕರು.

ಊಟದ ಹೊತ್ತಿನಲ್ಲಿ ನಿಜಗುಣಪ್ಪನೆಂಬ ಮುದುಕ ಪರಶುವಿನ ಪಕ್ಕಕ್ಕೆ ಬಂದು ಕೂತ. ಮಿಲಿಟರಿ ಬ್ಯಾಂಡಿನಲ್ಲಿ ಊದಿ ರಿಟೈರ್ ಆಗಿ ತನ್ನೂರು ಸುರೇಬಾನಕ್ಕೆ ಬಂದವನು.

"ತಮ್ಮಾ, ಒಂಟಿಗಾಲಿನ್ಯಾಗ ಓಡಾಕ ಹತ್ತಿಯಲ್ಲ. ಇನ್ನೊಂದ ಕಾಲ ಯಾಕ ಊರವಲ್ಲಿ?"

"ಯಾವ ಕಾಲ್ರಿ ಅಜ್ಜಾರ?"

"ತು ಅಂದ ಮ್ಯಾಲೆ ಕು ಅನ್ನು. ತು ನಾಲಿಗಿ ತುದಿಯಿಂದ, ಕು ಹಿಂದ ಗಂಟಲ ಕಡಿಂದ. ತು-ಕು, ತು-ಕು. ಮೂರ ಸ್ವರ ಇದ್ರ ತು-ತು-ಕು. ನಿಮ್ಮ ಮಾಸ್ತರ ಅದನ್ನ ಮಾಡ್ತಾನ. ನಿನಗ ಹೇಳಿಲ್ಲೇನು?"

ಪರಶುವಿನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಒಂಬತ್ತು ವರ್ಷ. ನಾಲಿಗೆಯಲ್ಲಿ ಏನೂ ದೋಷವಿರಲಿಲ್ಲ.

ಅಂದಿನಿಂದ ಮದುವೆಯಿಲ್ಲದ ದಿನವೆಲ್ಲ ಸುರೇಬಾನದ ಬಸ್ಸು ಹತ್ತಿದ. 'ಕು' ಮೊದಮೊದಲು ಮುದುಕರ ಕೆಮ್ಮಿನಂತೆ ಬಂತು. ನಿಜಗುಣಪ್ಪ ಒಂದು ತಿಂಗಳು ಬರೀ 'ಕು' ಊದಿಸಿದ. ಮನೆಯಲ್ಲೂ ಪರಶು ನಡುನಡುವೆ ಭರಮಪ್ಪನನ್ನು ಬೈಯುತ್ತ ಊದಿದ.

"ಆ ಮಾಸ್ತರನ್ನ ಬೈಕೋಂತ ಊದಬ್ಯಾಡ್ರಿ," ಎಂದಳು ರೇಣು. "ಉಸರ ಕೆಡತೈತಿ."

ಬೈಗುಳ ನಿಲ್ಲಲಿಲ್ಲ, ಆದರೆ ನಾಲ್ಕು ತಿಂಗಳಿಗೆ ನಾಲಿಗೆ ತಿರುಗಿತು.

ತಾಲೀಮಿನ ದಿನ ಅದೇ ಓಟದ ಹಾಡನ್ನು ಅವನು ಒಬ್ಬನೇ ಎತ್ತಿಕೊಂಡು, ಒಂದೂ ಸ್ವರ ಬಿಡದೆ ಮುಗಿಸಿದ. ಡ್ರಮ್ಮಿನವನು ಎತ್ತಿದ ಕೋಲು ಎತ್ತಿದಂತೆಯೇ ಇತ್ತು.

"ಯಾಕ ಮುಚ್ಚಿಟ್ರಿ?" ಎಂದು ಪರಶು ಕೇಳಿದ.

ಭರಮಪ್ಪ ಟ್ರಂಪೆಟ್ ಒರೆಸುತ್ತಲೇ ಹೇಳಿದ, "ನನ್ನ ಗುರು ನನಗೂ ಹೇಳಲಿಲ್ಲ. ಬಾಜೂಕ ನಿಂತು, ಅವನ ಗಂಟಲ ನೋಡಿ ಕದ್ದೀನಿ. ನಿನಗ ಕಲಿಸಿದ್ರ ನನ್ನ ಜಾಗಾಕ್ಕ ನೀನ ಬರ್ತಿದ್ದಿ."

"ಕಲಿಸೂದಿಲ್ಲ ಅನಬೇಕಿತ್ತು, ತಿಳಕೋತಿದ್ದೆ. ನನ್ನ ನಾಲಿಗಿಗೆ ಯಾಕ ಹೆಸರಿಟ್ರಿ?"

ಭರಮಪ್ಪ ಒರೆಸುತ್ತಲೇ ಇದ್ದ. ಪರಶು ಉಳಿದ ಟ್ರಂಪೆಟ್ಟಿನವರ ಕಡೆ ತಿರುಗಿದ.

"ಹನುಮಪ್ಪಣ್ಣಾ, ಎಲ್ಲಾರೂ ಇಲ್ಲಿ ಬರ್ರಿ. ಮೊದಲ ಬಾಯಿಲೆ ಅನ್ರಿ. ತು-ಕು."

"ಸಾಕ ಮಾಡು," ಎಂದ ಭರಮಪ್ಪ. ಯಾರೂ ಸಾಕು ಮಾಡಲಿಲ್ಲ. ಅವನು ಟ್ರಂಪೆಟ್ ಚೀಲಕ್ಕೆ ಹಾಕಿಕೊಂಡು ಹೊರಗೆ ನಡೆದ.

ಎಂಟು ದಿನದ ಮೇಲೆ ಭರಮಪ್ಪ ತಾನಾಗೇ ಬಂದು ತನ್ನ ಜಾಗದಲ್ಲಿ ನಿಂತ. ಯಾರೂ ಬೇಡವೆನ್ನಲಿಲ್ಲ. ಆದರೆ ಪರಶು ಅವನನ್ನು ಮತ್ತೆಂದೂ ಮಾಸ್ತರ ಎಂದು ಕರೆಯಲಿಲ್ಲ.