ಎರಡನೇ ಧಾರೆ

ನನ್ನ ದೊಡ್ಡ ಮಗಳು ರೂಪಳ ಧಾರೆಯನ್ನು ನಾನು ನೋಡಲಿಲ್ಲ. ಕೊಳ್ಳೇಗಾಲದ ಛತ್ರದ ಹಿಂದೆ, ಗ್ಯಾಸ್ ಸಿಲಿಂಡರ್ ಇಡುವ ಕೋಣೆಯಲ್ಲಿ ಕೂತು ಗಟ್ಟಿಮೇಳ ಕೇಳಿಸಿಕೊಂಡೆ, ಅಷ್ಟೇ. ಅವತ್ತು ಬೆಳಿಗ್ಗೆ ನಾನು ಮುಟ್ಟಾಗಿದ್ದೆ. ಅತ್ತೆ ಪುಟ್ಟಗೌರಮ್ಮ ನನ್ನನ್ನು ಅಲ್ಲಿ ಕೂರಿಸಿ, ತಮ್ಮ ಮಗಳು ಚೆಲುವಮ್ಮನನ್ನೂ ಅವಳ ಗಂಡನನ್ನೂ ನಿಲ್ಲಿಸಿ ಧಾರೆ ಎರೆಸಿದರು. ಹೆತ್ತವಳಿಗೆ ಊಟ ಬಾಗಿಲ ಸಂದಿಯಿಂದ ಬಂತು. ಆಲ್ಬಮ್ಮಿನಲ್ಲಿ ಎಷ್ಟು ಹುಡುಕಿದರೂ ನಾನಿಲ್ಲ.

ನಮ್ಮದು ರೇಷ್ಮೆ ಮಗ್ಗದ ಮನೆ. ಮುಟ್ಟಾದ ಮೂರು ದಿನ ನಾನು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ನೀರಿನ ಕೊಡ ಮುಟ್ಟುವಂತಿಲ್ಲ. ಮಗ್ಗಕ್ಕೆ ಮಾತ್ರ ಕೂರಬೇಕು!

"ರೇಷ್ಮೆಗೆ ಮೈಲಿಗೆ ಇಲ್ಲ ಕಣಮ್ಮಿ, ಎದ್ದು ಲಾಳಿ ಇಡ್ಕೊ" ಎನ್ನುತ್ತಿದ್ದರು ಅತ್ತೆ.

ರೂಪ ಧಾರೆಗೆ ಉಟ್ಟ ಸೀರೆಯ ಸೆರಗನ್ನು ನಾನು ನೇಯ್ದದ್ದು ಅಂಥ ಮೂರು ದಿನಗಳಲ್ಲೇ. ಸೀರೆ ಮಂಟಪಕ್ಕೆ ಹೋಯಿತು, ನಾನು ಸಿಲಿಂಡರ್ ಕೋಣೆಗೆ ಹೋದೆ. ಅವತ್ತು ಹೊಟ್ಟೆಯಲ್ಲಿ ಹತ್ತಿದ ಕಿಚ್ಚು ಆರಲಿ ಎಂದು ನಾನು ಒಂದು ದಿನವೂ ಬಯಸಲಿಲ್ಲ.

ಈ ವರ್ಷ ಎರಡನೆಯವಳು ಸ್ಪಂದನಳಿಗೆ ಮಾಂಬಳ್ಳಿಯ ಗಂಡು ಗೊತ್ತಾಯಿತು. ನನಗೆ ನಲವತ್ತೇಳು. ಏಳು ತಿಂಗಳಿಂದ ಮುಟ್ಟು ಬಂದಿರಲಿಲ್ಲ. ಮಗ್ಗದಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಎದೆ, ಕತ್ತೆಲ್ಲ ಕಾದು ಬೆವರು ಕಿತ್ತು ಬರುತ್ತಿತ್ತು. ಹೆತ್ತವರೇ ಧಾರೆ ಎರೆಯಬೇಕು ಎಂದು ಬೀಗರು ಹೇಳಿ ಕಳಿಸಿದಾಗ ಅತ್ತೆಗೆ ಪೀಕಲಾಟ ಶುರುವಾಯಿತು.

"ಲೇ ರತ್ನ, ನಿಂದು ನಿಂತೋಗದಾ ಇಲ್ವಾ? ರಕ್ತ ಕೊಟ್ರೆ ಗೊತ್ತಾಯ್ತದಂತೆ. ಪೇಪರ್‌ನಲ್ಲಿ ಬರ್ಸ್ಕಂಡು ಬಾ. ಇಲ್ದಿದ್ರೆ ಈ ಸಲನೂ ಚೆಲುವಿನೇ ನಿಲ್ಸ್ತೀನಿ, ಬೀಗ್ರಿಗೆ ನಾನು ಯೋಳ್ಕತೀನಿ."

ಇನ್ನೊಮ್ಮೆ ಆ ಕೋಣೆಯಲ್ಲಿ ಕೂರುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತು. ಲ್ಯಾಬಿಗೆ ಹೋಗಿ ತೋಳು ಚಾಚಿದೆ. ರಿಪೋರ್ಟು ಬಂತು. ಯಾವುದೋ ಹಾರ್ಮೋನು ಜಾಸ್ತಿ ಇದೆಯಂತೆ, ಮುಟ್ಟು ನಿಂತವರಲ್ಲಿ ಅಷ್ಟಿರುತ್ತದಂತೆ. ಅದನ್ನು ಹಿಡಿದು ಅತ್ತೆ, ನಾನು ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಕಾಗದ ನೋಡಿ ಪಕ್ಕಕ್ಕಿಟ್ಟರು.

"ನಿಮ್ಮ ವಯಸ್ಸಿಗೆ ಈ ಟೆಸ್ಟೇ ಬೇಕಾಗಿರಲಿಲ್ಲ. ಈ ಹಾರ್ಮೋನು ಈ ತಿಂಗಳು ಏರುತ್ತೆ, ಮುಂದಿನ ತಿಂಗಳು ಇಳಿಯುತ್ತೆ. ಇದನ್ನ ನಂಬಿ ನಿಂತೋಯ್ತು ಅನ್ನೋಕಾಗಲ್ಲ. ಒಂದೇ ಸಮನೆ ಹನ್ನೆರಡು ತಿಂಗಳು ಮುಟ್ಟು ಬರದಿದ್ರೆ ಆಗ ನಿಂತಿದೆ ಅಂತೀವಿ. ನಿಮಗೆ ಇನ್ನೂ ಏಳು ತಿಂಗಳು ಅಷ್ಟೇ. ಮತ್ತೆ ಬಂದರೂ ಬರಬಹುದಮ್ಮ."

ನಾನು ಕಿವಿಗೊಟ್ಟು ಕೇಳಿದೆ. ಅತ್ತೆ ಆಚೆ ಬಂದವರೇ ಮುಖ ಸಿಂಡರಿಸಿದರು.

"ಮಿಷನ್ ಯೋಳಿದ್ ಮೇಲೆ ಈ ಡಾಕ್ಟ್ರಮ್ಮಂದೇನು? ನಿಂತೋಯ್ತು, ಬುಡು."

ರಿಪೋರ್ಟು ಮಡಚಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು. ಮದುವೆ ಕರೆಯಲು ಹೋದ ಮನೆಯಲ್ಲೆಲ್ಲ ಅದು ಆಚೆ ಬಂತು. ಯಳಂದೂರಿನ ನೆಂಟರಿಗೆ ತೋರಿಸಿದರು, ಹನೂರಿನವರಿಗೆ ತೋರಿಸಿದರು, ಮಾಂಬಳ್ಳಿಯ ಬೀಗರಜ್ಜಿಗಂತೂ ಓದಿಸಿಯೇ ಬಿಟ್ಟರು. "ನಂದು ಜವಾಬ್ದಾರಿ" ಎಂದು ಎದೆ ತಟ್ಟಿಕೊಂಡರು. ನನ್ನ ಮೈಯೊಳಗಿನ ಸುದ್ದಿಯನ್ನು ಲಗ್ನಪತ್ರಿಕೆಯ ಜೊತೆ ಹಂಚಿದರು. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿಂದೆ ನಡೆದೆ.

ಮದುವೆಯ ದಿನ ಅದೇ ಛತ್ರ. ಬೆಳಿಗ್ಗೆ ಬಚ್ಚಲಲ್ಲಿ ನೋಡಿಕೊಂಡರೆ, ಒಂಬತ್ತು ತಿಂಗಳ ಮೇಲೆ ಬಂದಿದೆ! ಹೇಳಿಬಿಡಲೇ ಅನ್ನಿಸಿದ್ದೂ ನಿಜ, ಇಪ್ಪತ್ತೈದು ವರ್ಷದ ಅಭ್ಯಾಸ. ಕಿಟಕಿಯಿಂದ ಆ ಸಿಲಿಂಡರ್ ಕೋಣೆ ಕಾಣುತ್ತಿತ್ತು. ಅದರ ಬಾಗಿಲು ನೋಡುತ್ತಾ ನಿಂತವಳಿಗೆ ನಗು ಬಂತು. ಸ್ಪಂದನಳ ಚೀಲದಿಂದ ಪ್ಯಾಡ್ ತೆಗೆದುಕೊಂಡೆ. ನಾನೇ ನೇಯ್ದ ಹಸಿರು ರೇಷ್ಮೆ ಸೀರೆ ಉಟ್ಟೆ, ಮಲ್ಲಿಗೆ ಮುಡಿದೆ.

ಮಂಟಪ ಹತ್ತುವ ಮುಂಚೆ ಅತ್ತೆ ತಡೆದರು. "ಮೈ ಸರಿಯಾಗದಾ?"

"ಪೇಪರ್ ನಿಮ್ಮತ್ರನೇ ಅದಲ್ಲ ಅತ್ತೆ" ಎಂದೆ.

ಚೀಲ ತಟ್ಟಿ ನೋಡಿಕೊಂಡು, ಧಾರೆಯ ಚೊಂಬನ್ನು ತಾವೇ ನನ್ನ ಕೈಗಿಟ್ಟರು. ಗಂಡನ ಪಕ್ಕ ನಿಂತು ಧಾರೆ ಎರೆದೆ. ನನ್ನ ಮಗಳ ಬೆರಳ ಮೇಲೆ ಹಾಲು ಇಳಿಯುವುದನ್ನು ಕಣ್ಣಾರೆ ಕಂಡೆ, ಗಟ್ಟಿಮೇಳವನ್ನು ಎದುರು ನಿಂತು ಕೇಳಿದೆ. ಸ್ಪಂದನ ನನ್ನನ್ನೇ ನೋಡುತ್ತಿದ್ದಳು. ಇಬ್ಬರೂ ಕಣ್ಣೀರಿಟ್ಟೆವು. ತಪ್ಪು ಮಾಡಿದೆ ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಇಲ್ಲ. ರೂಪಳ ಧಾರೆಯೂ ಹೀಗೇ ಆಗಬಹುದಿತ್ತಲ್ಲ ಎಂಬ ಹೊಟ್ಟೆಯುರಿ ಮಾತ್ರ ಇನ್ನಷ್ಟು ಹೆಚ್ಚಿತು.

ಮೊದಲ ಪಂಕ್ತಿಯಲ್ಲೇ ಅತ್ತೆ ಬೀಗರಜ್ಜಿಯ ಪಕ್ಕ ಕೂತಿದ್ದರು. ನಾನು ಬಡಿಸುವವನ ಕೈಯಿಂದ ಪಾಯಸದ ಬಕೆಟ್ಟು ತೆಗೆದುಕೊಂಡು ಇಬ್ಬರಿಗೂ ಬಡಿಸಿದೆ. ಅತ್ತೆ ಸುರಿದುಕೊಂಡು ತಿನ್ನುವವರೆಗೂ ಕಾದೆ. ಆಮೇಲೆ ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ:

"ಬೆಳಿಗ್ಗೆನೇ ಮುಟ್ಟಾದೆ ಅತ್ತೆ. ಡಾಕ್ಟರಮ್ಮ ಯೋಳಿದ್ರಲ್ಲ, ಬಂದ್ರೂ ಬರ್ಬೋದು ಅಂತ. ನೀವೇನೂ ಯೋಚ್ನೆ ಮಾಡ್ಬ್ಯಾಡಿ, ನಾನು ಉಟ್ಟಿರದು ರೇಷ್ಮೆ."

ಅವರ ಕೈ ಎಲೆಯ ಮೇಲೆ ನಿಂತಿತು. ಮಂಟಪದ ಕಡೆ ನೋಡಿದರು, ಮೊಮ್ಮಗಳು ಗಂಡನ ಜೊತೆ ಫೋಟೋಕ್ಕೆ ನಿಂತಿದ್ದಳು. ತಮ್ಮ ಚೀಲ ನೋಡಿಕೊಂಡರು. ಬಾಯಿ ತೆರೆದರೆ ಕೆಡುವುದು ತಾವೇ ಎದೆ ತಟ್ಟಿ ಮಾಡಿಸಿದ ಮದುವೆ.

"ಏನಂತೆ ಸೊಸೆ?" ಎಂದರು ಬೀಗರಜ್ಜಿ.

ಅತ್ತೆ ಬಾಯಲ್ಲಿದ್ದದ್ದನ್ನು ನುಂಗಿದರು. "ಪಾಯಸ ಚೆಂದಾಗದಾ ಅಂತ ಕೇಳ್ತಾವ್ಳೆ."

"ಚೆಂದಾಗದೆ ಕಣವ್ವ, ಇನ್ನೊಸಿ ಬುಡು."

ಇಬ್ಬರಿಗೂ ಇನ್ನೊಂದೊಂದು ಸೌಟು ಬಿಟ್ಟೆ. ಅತ್ತೆ ತಿಂದು ಮುಗಿಸುವವರೆಗೂ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ.