ಓಕೆಪ್ಪನ ಕಾರ್ಡು

ನಮ್ಮ ಲಾಂಡ್ರಿಯ ಸೂಪರ್‌ವೈಸರಿಗೆ ಹೆತ್ತವರು ಇಟ್ಟ ಹೆಸರು ಏನೋ ಇರಬೇಕು. ನಾವು ಕರೆಯುತ್ತಿದ್ದದ್ದು ಓಕೆಪ್ಪ ಎಂದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ರಜೆ ಕೇಳಿದರೆ ಓಕೆ. ಎಂದರೆ ಕೇಳಿಸಿತು ಎಂದಷ್ಟೇ, ರಜೆ ಸಿಕ್ಕಿತು ಎಂದಲ್ಲ. ಚಹಾ ಹೇಗಿದೆ ಎಂದರೆ ಓಕೆ. ಕುಡಿದರೆ ಸಾಯುವಂಥದ್ದಲ್ಲ ಎಂದು. ಹೆಂಡತಿಯ ಫೋನಿಗೆ ಬೆಣ್ಣೆಯಂಥ ಓಕೆ, ಮ್ಯಾನೇಜರಿಗೆ ಸೊಂಟ ಬಗ್ಗಿಸಿದ ಓಕೆ. ನಮ್ಮ ಪಾಲಿಗೆ ಮಾತ್ರ ‘ಇನ್ನು ನಡಿ’ ಎನ್ನುವ ಓಕೆ. ಸಿಹಿಗೂ ಖಾರಕ್ಕೂ ಒಂದೇ ಸೌಟು.

ನಾನೂ ನನ್ನ ಓರಗಿತ್ತಿಯೂ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ದೊಡ್ಡ ಮಷೀನಿನ ಮುಂದೆ ಜೋಡಿ. ಅವಳು ಎಡ ಚುಂಗು ಹಿಡಿದರೆ ನಾನು ಬಲ. ಒದ್ದೆ ಬಟ್ಟೆಯನ್ನು ಕಾದ ಉರುಳೆಯ ಕೆಳಗೆ ನೂಕುತ್ತಾ ಹೋಗುವುದು. ಉರುಳೆಯ ಮುಂದೊಂದು ಕಬ್ಬಿಣದ ಪಟ್ಟಿ; ಕೈ ತಗುಲಿದರೆ ಮಷೀನು ತಾನೇ ನಿಲ್ಲಬೇಕು. ಅವಳ ಕಡೆ ಅದು ಕೆಟ್ಟಿತ್ತು.

“ಸಾರ್, ಪಟ್ಟಿ ಒತ್ತಿದ್ರೂ ಮಷೀನ್ ನಿಲ್ತಿಲ್ಲ,” ಎಂದು ಮೂರು ದಿನ ಹೇಳಿದಳು. ಮೂರು ಓಕೆ ಸಿಕ್ಕವು. ನಾಲ್ಕನೆಯ ದಿನ ಅವಳ ಎರಡು ಬೆರಳು ಉರುಳೆಗೆ ಸಿಕ್ಕಿ ಸುಟ್ಟವು. ಓಡಿ ಬಂದ ಪುಣ್ಯಾತ್ಮ ಕೇಳಿದ್ದು, “ಓಕೆನಾ?”

ಎರಡು ದಿನ ಬಿಟ್ಟು ಮ್ಯಾನೇಜರ್ ಅವಳನ್ನು ಕರೆಸಿದರು. ಕಣ್ಣಾರೆ ಕಂಡವಳೆಂದು ನನ್ನನ್ನೂ. ಅವಳನ್ನು ಕೆಲಸದಿಂದ ತೆಗೆಯುವ ಕಾಗದ ಆಗಲೇ ಟೈಪಾಗಿ ಮೇಜಿನ ಮೇಲಿತ್ತು. ತಪ್ಪು ಅವಳದೇ, ಮೈಮರೆತಿದ್ದಳಂತೆ. ಸಹಿಯೊಂದು ಬಾಕಿ. ಅವಳು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು.

“ಮಷೀನಲ್ಲಿ ಏನೂ ತೊಂದ್ರೆ ಇರ್ಲಿಲ್ಲ ಸಾರ್. ದಿನಾ ಬೆಳಗ್ಗೆ ಚೆಕ್ ಮಾಡ್ತೀನಿ,” ಎಂದ ಓಕೆಪ್ಪ, ಮಷೀನಿಗೆ ನೇತುಹಾಕುವ ತಪಾಸಣೆ ಕಾರ್ಡನ್ನು ಬಾವುಟದ ಹಾಗೆ ಎತ್ತಿ ತೋರಿಸಿದ. ತಾರೀಕಿಗೊಂದು ಸಾಲು, ಸಾಲಿಗೊಂದು ಓಕೆ, ಪಕ್ಕದಲ್ಲಿ ಕೋಳಿ ಕೆರೆದಂಥ ಸಹಿ.

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದರು.

“ಒಂಚೂರು ಕೊಡಿ, ನೋಡ್ತೀನಿ,” ಎಂದು ಕಾರ್ಡು ಇಸಿದುಕೊಂಡೆ.

“ಅಜ್ಜಿ, ಅದ್ರಲ್ಲಿ ನಿಮ್ಗೇನು ತಿಳಿಯುತ್ತೆ?” ಎಂದ ಓಕೆಪ್ಪ.

“ತಿಳಿದಷ್ಟು ತಿಳೀಲಿ ಬಿಡಪ್ಪ.”

ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ನನಗೇನೂ ಅವಸರವಿರಲಿಲ್ಲ.

“ಇವತ್ತು ಎಷ್ಟನೇ ತಾರೀಕು ಸಾರ್?”

“ಹದಿನಾಲ್ಕು,” ಎಂದರು ಮ್ಯಾನೇಜರ್.

“ಇಪ್ಪತ್ತೇಳಕ್ಕೂ ಮಷೀನ್ ಓಕೆಯಂತೆ. ಮೂವತ್ತಕ್ಕೂ ಓಕೆ. ನಮ್ಮ ಸಾಹೇಬ್ರು ಆಗ್ಲೇ ಚೆಕ್ ಮಾಡ್ಬಿಟ್ಟಿದಾರೆ.”

ಒಂದನೇ ತಾರೀಕೇ ಕೂತು ಇಡೀ ತಿಂಗಳ ಓಕೆ ಗೀಚಿ ಮುಗಿಸುವುದು ಅವನ ಪದ್ಧತಿ. ಬಾಗಿಲು ಹಾಕಿರುವ ಭಾನುವಾರಗಳನ್ನೂ ಬಿಟ್ಟಿರಲಿಲ್ಲ. ಅಷ್ಟರಮಟ್ಟಿಗೆ ಶ್ರಮಜೀವಿ.

ಮ್ಯಾನೇಜರ್ ಬಗ್ಗಿ ಕಾರ್ಡು ನೋಡಿದರು. “ಏನ್ರೀ ಇದು?”

ಓಕೆಪ್ಪ ತನ್ನ ಬಾವುಟ ವಾಪಸು ಇಸಿದುಕೊಳ್ಳಲು ಕೈ ಚಾಚಿದ.

ಟೈಪಾದ ಕಾಗದವನ್ನು ಮ್ಯಾನೇಜರೇ ಹರಿದರು. ಧರ್ಮಾತ್ಮರೆಂದಲ್ಲ, ಆ ಕಾರ್ಡು ಹೊರಗೆ ಹೋದರೆ ತಮ್ಮ ಕುರ್ಚಿಗೂ ಬಿಸಿ ತಟ್ಟೀತೆಂದು. ಓರಗಿತ್ತಿಯ ಕಡೆ ತಿರುಗಿ ನಕ್ಕರು. “ಕೈ ವಾಸಿಯಾದ್ಮೇಲೆ ಬಾಮ್ಮ. ಕೆಲ್ಸ ನಿಂದೇ. ಓಕೆನಾ?”

ತಲೆ ತಗ್ಗಿಸಿ ಕೂತಿದ್ದವಳು ಎದ್ದು ನಿಂತಳು.

“ಮೊದ್ಲು ಪಟ್ಟಿ ರಿಪೇರಿ ಮಾಡ್ಸಿ ಸಾರ್. ನಾನೇ ಬಂದು ಒತ್ತಿ ನೋಡಿ, ಆಮೇಲೆ ಹೇಳ್ತೀನಿ. ಬಾ ಅಕ್ಕ.”